ಮೂಳೆಯೊಳಗಿನ ಕೊಬ್ಬು

ಮಂಗಳವಾರ, ಮಾರ್ಚ್ 11

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮೂರು ವಾರ ತಡವಾಗಿ ಉತ್ತರಿಸುತ್ತಿದ್ದೇನೆ, ಬೈದುಕೋ. ಎರಡು ಸಲ ಬರೆದು ಹರಿದೆ. ಎದುರಿಗೆ ಕೂತರೆ ನನಗೆ ಬಾಯಿ ಬರುವುದಿಲ್ಲ. ಫೋನಿನಲ್ಲಾದರೆ ನೀನು "ಸರಿ ಕಣೇ, ಇಡ್ತೀನಿ" ಅಂದುಬಿಡುತ್ತೀಯ.

ಸ್ಕ್ಯಾನಿಂಗ್ ಕೇಂದ್ರದ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಯಿತು. ಡಾಕ್ಟರ ವರದಿಯನ್ನು ರೋಗಿಯ ಮನೆಯವರಿಗೆ ಅರ್ಥವಾಗುವಂತೆ ಒಂದು ಪುಟದಲ್ಲಿ ಬರೆದುಕೊಡುವುದು ನನ್ನ ಪಾಲು. ಡಾಕ್ಟರಿಗೆ ನಾವಿಟ್ಟ ಹೆಸರು ಮೂಳೆ ಮೇಷ್ಟ್ರು. "ಸಾಹಿತ್ಯ ಓದಿದೋಳು, ಎಲ್ಲಾದ್ರೂ ನನ್ನ ವರದಿಗೆ ಪ್ರಾಸ ಹಾಕ್ಬಿಟ್ಟೀಯ ಮತ್ತೆ!" ಎಂದು ಛೇಡಿಸುತ್ತಿರುತ್ತಾರೆ.

ಹೋದ ಗುರುವಾರ ಬೆನ್ನುನೋವೆಂದು ಒಬ್ಬ ಹುಡುಗಿ ತಾಯಿಯ ಜೊತೆ ಬಂದಿದ್ದಳು. ಇಪ್ಪತ್ತೆರಡು ವರ್ಷ, ಮೂವತ್ತಾರು ಕಿಲೋ. ವರದಿಯಲ್ಲಿ ಮೂಳೆಮಜ್ಜೆಯಲ್ಲಿ ಕೊಬ್ಬು ವಿಪರೀತ ಹೆಚ್ಚಿದೆ ಎಂದಿತ್ತು. ಗಾಜಿನಾಚೆ ಬೆಂಚಿನ ಮೇಲೆ ಕೂತಿದ್ದವಳನ್ನು ನೋಡಿದೆ. ಕೈಗಡಿಯಾರ ಮೊಣಕೈವರೆಗೆ ಜಾರುತ್ತಿತ್ತು. ಇವಳಲ್ಲಿ ಎಲ್ಲಿಯ ಕೊಬ್ಬು? ಮೇಷ್ಟ್ರು ಅವಸರದಲ್ಲಿ ತಪ್ಪಿರಬೇಕು ಅನ್ನಿಸಿತು. ಒಳಗೆ ಹೋಗಿ ಕೇಳಲು ಸಂಕೋಚ. ನಾನೇ "ಕೊಬ್ಬು ಹೆಚ್ಚಿಲ್ಲ, ಗಾಬರಿ ಬೇಡ" ಎಂದು ಬರೆದು ಕೌಂಟರಿಗೆ ಕಳಿಸಿದೆ.

ಹತ್ತು ನಿಮಿಷದಲ್ಲಿ ಮೇಷ್ಟ್ರು ಆ ಪುಟದ ಪ್ರತಿ ಹಿಡಿದು ಬಂದರು.

"ಯಾರನ್ನ ಕೇಳಿ ತಿದ್ದಿದೆ?"

"ಅವಳು ಅಷ್ಟು ಸಣ್ಣಗಿದ್ದಾಳಲ್ಲ ಸಾರ್..."

"ಅದಕ್ಕೇ ಕಣಮ್ಮಾ! ಊಟ ಬಿಟ್ಟ ಮೈ ಹೊರಗಿನ ಕೊಬ್ಬನ್ನೆಲ್ಲ ಕರಗಿಸುತ್ತೆ, ಮೂಳೆಯೊಳಗೆ ಮಾತ್ರ ತುಂಬಿಕೊಳ್ಳುತ್ತೆ. ಮೂಳೆ ಕಟ್ಟಬೇಕಾದ ಕಣಗಳು ಕೊಬ್ಬಿನ ಕಣಗಳಾಗಿಬಿಡ್ತವೆ. ಮೂಳೆ ಸವೆಯುತ್ತೆ, ಎಡವಿದ್ರೆ ಸಾಕು, ಮುರಿಯುತ್ತೆ. ಓಡು, ಹಿಡಿ ಅವರನ್ನ!"

ಲಿಫ್ಟ್ ಬರಲಿಲ್ಲ. ಮೆಟ್ಟಿಲಿಳಿದು ಓಡಿದೆ. ತಾಯಿ, ಮಗಳು ಬಸ್ಸಿನ ಬಾಗಿಲಲ್ಲಿದ್ದರು. ಜೀವಮಾನದಲ್ಲೇ ಮೊದಲ ಸಲ ಬೀದಿಯಲ್ಲಿ ಕೂಗಿದೆ: "ಹತ್ಬೇಡಿ!"

"ಗಾಬರಿ ಬೇಡ ಅಂತ ನೀವೇ ಬರೆದಿದ್ದೀರಲ್ಲಮ್ಮ, ಇನ್ನು ಆಸ್ಪತ್ರೆಗೆ ಯಾಕೆ ಹೋಗೋದು ಅಂತ ಮನೆಗೆ ಹೊರಟ್ವಿ" ಎಂದರು ತಾಯಿ. ನಡುರಸ್ತೆಯಲ್ಲೇ ತಪ್ಪೊಪ್ಪಿಕೊಂಡೆ. ಹುಡುಗಿ ನನ್ನ ಮುಖ ನೋಡಲಿಲ್ಲ. ತೋಳಿನ ಬಟ್ಟೆ ಎಳೆದು ಮಣಿಕಟ್ಟು ಮುಚ್ಚಿಕೊಂಡಳು.

ಅಕ್ಕಾ, ನೀನೂ ಹಾಗೇ ಎಳೆದುಕೊಳ್ಳುತ್ತೀಯ.

ಒಂದೇ ಒಂದು ಮೆಟ್ಟಿಲು ಎಡವಿ ಎಡಗೈ ಮುರಿಯಿತೆಂದು ಪತ್ರದಲ್ಲಿ ತಮಾಷೆಯಾಗಿ ಬರೆದಿದ್ದೀಯ. ನನಗೆ ನಗು ಬರಲಿಲ್ಲ. ನಿನ್ನೆ ಭಾವನಿಗೆ ಫೋನ್ ಮಾಡಿದೆ. "ತಟ್ಟೆ ಮುಂದೆ ಕೂತಿರ್ತಾಳೆ. ತಿಂದದ್ದು ಮಾತ್ರ ನಾನು ನೋಡಿಲ್ಲ" ಅಂದರು. ಶನಿವಾರ ಹತ್ತು ಗಂಟೆಗೆ ನಮ್ಮಲ್ಲಿ ನಿನ್ನ ಹೆಸರು ಬರೆಸಿದ್ದೇನೆ. ತಿನ್ನಲು ಶುರುಮಾಡಿದರೆ ಮೂಳೆ ನಿಧಾನಕ್ಕೆ ಚೇತರಿಸಿಕೊಳ್ಳಬಹುದಂತೆ, ಮೇಷ್ಟ್ರನ್ನು ಕೇಳಿದ್ದೇನೆ. ಹೌದು, ಈ ಸಲ ಒಳಗೆ ಹೋಗಿ ಕೇಳಿದೆ. ನಿನ್ನ ಪುಟವನ್ನು ನಾನು ಬರೆಯುವುದಿಲ್ಲ, ನಿನ್ನ ಪಕ್ಕ ಕೂತಿರುತ್ತೇನೆ. ಬಾ.

ಅಮ್ಮನ ಆಶೀರ್ವಾದ. ಜೊತೆಗೆ ನನ್ನದೂ ಇರಲಿ, ಚಿಕ್ಕವಳಾದರೇನು.

ನಿನ್ನ
ಪುಟ್ಟಿ

ವಿ.ಸೂ.: ಎರಡು ಸಲ ಹರಿದದ್ದು ಈ ಮಾತಿಗೆ. ನಿನ್ನ ಮದುವೆಯ ಬಟ್ಟೆಗೆ ದರ್ಜಿ ಅಳತೆ ತೆಗೆಯುತ್ತಿದ್ದಾಗ, "ಟೇಪು ಸಾಲಲ್ಲ, ಹಗ್ಗ ತನ್ನಿ" ಅಂದವಳು ನಾನು. ಮನೆಯೆಲ್ಲ ನಕ್ಕಿತು. ಬಾಯಿ ಸತ್ತವಳು ಜೋಕು ಹೇಳಿದಳಲ್ಲ ಎಂದು ನನಗೂ ಹೆಮ್ಮೆ. ನೀನೂ ನಕ್ಕೆ. ಅಂದು ಸಂಜೆ ನೀನು ತಟ್ಟೆಯನ್ನು ಅರ್ಧಕ್ಕೇ ದೂಡಿದೆ. ನಾನು ನೋಡಿದೆ. ಆಮೇಲೆ ದಿನವೂ ನೋಡಿದೆ, ಅಕ್ಕಾ. ಸುಮ್ಮನಿದ್ದೆ.