ಪಾಯಿಂಟಿಗೆ ಇಟ್ಟ ಕುಂಕುಮ

ಕಲಕತ್ತ, 1974, ಮಹಾನವಮಿ

ಭಾಷಣ ಬಿಗಿಯುವ ನನ್ನ ಬಾಯಿ ಇವತ್ತು ಕಟ್ಟಿಹೋಯಿತು. ಅದೇ ಕೊರೆಯುತ್ತಿದೆ.

ಕಾಳಿಘಾಟಿನಲ್ಲಿ ಹೋಟೆಲು ನಡೆಸುವ ರಘುಪತಿಯವರ ಮೋಟಾರ್‌ಸೈಕಲ್ಲು ಆಯುಧಪೂಜೆ ಮುಗಿದ ಮೇಲೆ ಸ್ಟಾರ್ಟ್ ಆಗಲಿಲ್ಲ. ಹೌರಾಗೆ ಊಟ ತಲುಪಿಸಬೇಕಿತ್ತು, ರಿಪೇರಿ ಗೊತ್ತಿರುವ ನನ್ನನ್ನು ಕರೆದರು. ಹಾರನ್ ಜೋರಾಗಿ ಕೂಗುತ್ತಿತ್ತು, ಅಂದರೆ ಬ್ಯಾಟರಿ ಸರಿಯಿತ್ತು. ಪ್ಲಗ್ ಬಿಚ್ಚಿ ಎಂಜಿನ್ನಿಗೆ ತಾಗಿಸಿ ಹಿಡಿದು, ಅವರಿಂದ ಕಿಕ್ ಹೊಡೆಸಿದೆ. ಕಿಡಿಯೇ ಇಲ್ಲ. ಪಕ್ಕದ ಕವರ್ ತೆಗೆದರೆ ಕಿಡಿ ಹುಟ್ಟಿಸುವ ಪಾಯಿಂಟುಗಳ ನಡುವೆ ಒದ್ದೆ ಕುಂಕುಮ!

"ಮೌಢ್ಯಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?" ಎಂದು ಗುಡುಗಿದೆ.

ಅವರ ಹೆಂಡತಿ ವೇದವತಿಯಮ್ಮ ಬಾಗಿಲಿಗೆ ಬಂದರು. "ನಾನೇ ಇಟ್ಟದ್ದು ಮಾರಾಯ್ರೆ. ಬೆಂಕಿ ಹುಟ್ಟುವುದು ಅಲ್ಲಿ ಅಂತ ಗಾಡಿ ತೊಳೆಯುವಾಗ ಇವರೇ ಕವರ್ ತೆಗೆದು ತೋರಿಸಿದ್ರು. ಹೋದ ವರ್ಷ ಇವರು ಟ್ರಾಮಿಗೆ ಸಿಕ್ಕಿ ಬದುಕಿದ್ದೇ ಹೆಚ್ಚು. ನೀವು ಗಾಡಿ ಹೊರಡಿಸಿ ಕೊಡ್ತೀರಿ, ಸರಿ. ಇವರು ವಾಪಸ್ ಬರುವ ಜವಾಬ್ದಾರಿ ಯಾರದ್ದು?"

ನಾನು ಗಾಡಿಯ ಕಡೆಗೇ ತಿರುಗಿದೆ. ಪಾಯಿಂಟುಗಳನ್ನು ಒರೆಸಿ ಒಣಗಿಸಿದೆ. ನೀಲಿ ಕಿಡಿ ಹಾರಿತು. ವೇದವತಿಯಮ್ಮ ಕುಂಕುಮದ ಬಟ್ಟಲು ಹಿಡಿದು ನಿಂತೇ ಇದ್ದರು.

"ಹಾಗಾದ್ರೆ ಎಲ್ಲಿ ಇಡುವುದು, ಹೇಳಿ?"

ದೇವರಿಲ್ಲವೆಂದು ಊರೂರು ಕೂಗಿದ ನಾನು ಮಡ್‌ಗಾರ್ಡಿನ ಮೇಲೆ ಬೆರಳಿಟ್ಟೆ. "ಇಲ್ಲಿಡಿ ಅಮ್ಮಾ. ಇಲ್ಲಿ ಕಿಡಿಗೆ ಅಡ್ಡಿಯಿಲ್ಲ."

ಸಂಗಾತಿಗಳಿಗೆ ಇದನ್ನು ಹೇಳಲಾರೆ. ಆದರೆ ಸೋತೆನೆಂದೂ ಅನ್ನಿಸುತ್ತಿಲ್ಲ, ಯಾಕೋ...