ಮೋರಿ ಬಂದರೆ ಸೀಟು ಬದಲು

ಸುರಪುರ
೭ ಡಿಸೆಂಬರ್ ೨೦೨೫, ರವಿವಾರ

ಚಿ. ಅರುಣಕುಮಾರನಿಗೆ,

ನಿನ್ನ ಅವ್ವನ ಆಶೀರ್ವಾದ. ಇಲ್ಲಿ ನಾವಿಬ್ಬರೂ ಗಟ್ಟಿಯಾಗಿದ್ದೇವೆ. ನೀನು, ನಾಗಲಕ್ಷ್ಮಿ, ಯಶೋಧರಾ ಚೆನ್ನಾಗಿದ್ದೀರಿ ಎಂದು ನಾಗಲಕ್ಷ್ಮಿಯ ಫೋನಿನಿಂದ ಗೊತ್ತಾಗುತ್ತಿರುತ್ತದೆ. ಎರಡು ಬಸ್ಸು ಬದಲಿಸಿದರೆ ಮುಟ್ಟುವ ಸೈದಾಪುರಕ್ಕೆ ಪತ್ರ ಬರೆಯುತ್ತಾಳಲ್ಲ ಈ ಮುದುಕಿ ಎಂದು ನಗಬೇಡ. ಫೋನಿನಲ್ಲಿ ನಿಮ್ಮಪ್ಪನ ಹೆಸರು ಎತ್ತಿದ ಕೂಡಲೇ ನಿನಗೆ ನೆಟ್‌ವರ್ಕ್ ಹೋಗುತ್ತದೆ. ಬೇರೆ ಯಾರ ಹೆಸರಿಗೂ ಹೋಗದ ನೆಟ್‌ವರ್ಕ್ ಅದು. ಪತ್ರವನ್ನಾದರೆ ನಡುವೆ ಕಟ್ ಮಾಡಲು ಬರುವುದಿಲ್ಲ. ದೀಪಾವಳಿಗೆ ಮೊದಲೇ ಬರೆಯಬೇಕಿತ್ತು. ಮೂರು ಸಲ ಬರೆದು ಹರಿದು ಹಾಕಿದೆ, ತಡವಾದದ್ದಕ್ಕೆ ಸಿಟ್ಟಾಗಬೇಡ.

ಕೇಳಬೇಕಾದದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಏಪ್ರಿಲಿನಲ್ಲಿ ಯಶೂನ ಕಾಲು ಮುರಿದ ದಿನ, ಆಸ್ಪತ್ರೆಯ ಬಾಗಿಲಲ್ಲಿ ನಿಂತು ನೀನು ಒಂದು ಮಾತಾಡಿದೆ. "ಇನ್ನ ಈ ಮನಷ್ಯಾನ ಕೂಡ ನನಗ ಮಾತಿಲ್ಲ. ನನ್ನ ಮಗಳು ಇವರ ಮನಿ ಹೊಸ್ತಿಲಾ ತುಳಿಯಂಗಿಲ್ಲ." ಹೇಳಿದ ಹಾಗೆಯೇ ನಡೆದುಕೊಂಡೆ. ಎಂಟು ತಿಂಗಳಾಯಿತು. ಸಾಕು ಮಾಡಪ್ಪ. ನಿಮ್ಮಪ್ಪನ ಜೊತೆ ಮಾತಾಡು. ಇದೊಂದನ್ನು ಕೇಳಲಿಕ್ಕೇ ಈ ಪತ್ರ.

ನಿನ್ನೆ ಡಿಸೆಂಬರ್ ಆರು. ಬಾಬಾಸಾಹೇಬರ ಮೂರ್ತಿಯ ಹತ್ತಿರ ಮೇಣದಬತ್ತಿ ಹಚ್ಚಿ ಬಂದೆವು. ಹೋಗುವಾಗಲೂ ನಡಿಗೆ, ಬರುವಾಗಲೂ ನಡಿಗೆ. ಸ್ಕೂಟಿ ಏಪ್ರಿಲಿನಿಂದ ಹಿತ್ತಲಲ್ಲಿ ನಿಂತಿದೆ, ಅದರ ಮೇಲೆ ಈಗ ಗೋಣಿಚೀಲ ಒಣಗುತ್ತವೆ. ಯಾಕೆ ಮುಟ್ಟುವುದಿಲ್ಲ ಎಂದು ಪಕ್ಕದ ಮನೆಯ ಮದೀನಾಬೀ ಕೇಳಿದರೆ, ಡಾಕ್ಟರು ನಡೆಯಲು ಹೇಳಿದ್ದಾರೆ ಅನ್ನುತ್ತಾರೆ ನಿಮ್ಮಪ್ಪ. ಯಾವ ಡಾಕ್ಟರೂ ಹೇಳಿಲ್ಲ. ಮೊದಲು ದಿನಾ ಸಂಜೆ ಕಟ್ಟೆಯ ಮೇಲೆ ಕೂತು, ಯಾವ ಗಾಡಿ ಎಷ್ಟು ಆ್ಯವರೇಜ್ ಕೊಡುತ್ತದೆ ಎಂದು ಓಣಿಯವರಿಗೆಲ್ಲ ಪಾಠ ಹೇಳುತ್ತಿದ್ದ ಮನುಷ್ಯ. ಈಗ ಕಟ್ಟೆಗೂ ಹೋಗುವುದಿಲ್ಲ. "ಮಮ್ಮಗಳ ಕಾಲು ಮುರದಾಂವ ಬಂದ" ಎಂದು ಯಾರೋ ನಗೆಚಾಟಿಕೆಗೆ ಅಂದರಂತೆ, ಅಂದವರು ಮರೆತಿದ್ದಾರೆ. ಇವರು ಮರೆತಿಲ್ಲ.

ನಮ್ಮ ರಸ್ತೆಯ ಅವತಾರವಂತೂ ನಿನಗೆ ಗೊತ್ತೇ ಇದೆ. ಈಗ ಹತ್ತಿಯ ಕಾಲ. ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರು, ಹಿಂದೆ ಒಂದು ಕೆಂಪು ದೀಪವೂ ಇಲ್ಲ, ಮುಂದೆ ಮಾತ್ರ ಮದುವೆ ಮನೆಯಷ್ಟು ಜೋರಾಗಿ ಹಾಡು. ಟಂಟಂ ಆಟೋ ಒಂದರಲ್ಲಿ ಇಪ್ಪತ್ತು ಹೆಂಗಸರನ್ನು ತುಂಬಿ ಹೊಲಕ್ಕೆ ಒಯ್ಯುತ್ತಾರೆ, ಅರ್ಧ ಮಂದಿಯ ಕಾಲು ಹೊರಗೇ. ಹುಡುಗರು ಹೆಲ್ಮೆಟ್ಟನ್ನು ಕನ್ನಡಿಗೆ ನೇತುಹಾಕಿಕೊಂಡು ಹೋಗುತ್ತಾರೆ, ಪೊಲೀಸರು ಕಂಡರೆ ತಲೆಗೆ, ದಾಟಿದರೆ ಮತ್ತೆ ಕನ್ನಡಿಗೆ. ತಲೆಗಿಂತ ಕನ್ನಡಿಯೇ ತುಟ್ಟಿ ಆಯಿತೇನೋ. ನನ್ನ ಶಾಲೆಯಲ್ಲಿ ಕಲಿತವರೇ ಎಷ್ಟೋ ಮಂದಿ. "ಟೀಚರ್, ನಮಸ್ಕಾರ್ರಿ" ಎಂದು ಎರಡೂ ಕೈ ಬಿಟ್ಟು ಮುಗಿಯುತ್ತಾರೆ. ನಮಸ್ಕಾರ ಬೇಡಪ್ಪ, ಹ್ಯಾಂಡಲ್ ಹಿಡಿ ಎಂದು ಕೂಗುವುದರೊಳಗೆ ಧೂಳಷ್ಟೇ ಉಳಿದಿರುತ್ತದೆ.

ನಮ್ಮ ಕಾಲದಲ್ಲಿ ಗಾಡಿ ಎಂದರೆ ಮನೆಗೆ ಬಂದ ಸೊಸೆಯ ಹಾಗೆ. ನೀನು ಹುಟ್ಟುವ ಮೊದಲು, ನಿಮ್ಮಪ್ಪನಿಗೆ ಶಹಾಪುರದ ಕಾಲುವೆ ಆಫೀಸಿನಲ್ಲಿ ನೌಕರಿ ಸಿಕ್ಕ ವರ್ಷ, ಯಾದಗಿರಿಯಿಂದ ನೀಲಿ ಲೂನಾ ತಂದರು. ನಮ್ಮ ಓಣಿಗೆ ಮೊದಲ ಗಾಡಿ ಅದು. ನಿಮ್ಮ ಆಯಿ, ಅಂದರೆ ನನ್ನ ಅತ್ತೆ ಮರಿಲಿಂಗಮ್ಮ, ಅದಕ್ಕೆ ಕುಂಕುಮ ಹಚ್ಚಿ, ನೀರು ಕುಡಿಸಲು ಬಕೆಟ್ಟು ಹಿಡಿದು ನಿಂತಿದ್ದರು. ಇದು ನೀರು ಕುಡಿಯುವುದಿಲ್ಲವ್ವ ಎಂದರೆ, "ಹಂಗಾರ ಇದನ್ನ ಹ್ಯಾಂಗ ನಂಬೂದು" ಅಂದರು. ಸಮ ದಾರಿಯಲ್ಲಿ ಲೂನಾ ನಮ್ಮನ್ನು ಹೊತ್ತುಕೊಂಡು ಹೋಗುತ್ತಿತ್ತು. ಸುರಪುರದ ಏರು ಬಂದರೆ ನಾನು ಇಳಿದು ಬುತ್ತಿಚೀಲ ಹಿಡಿದು ನಡೆಯುತ್ತಿದ್ದೆ, ಅವರು ಪೆಡಲು ತುಳಿಯುತ್ತಿದ್ದರು. ನಾನೇ ಮುಂಚೆ ಮೇಲೆ ಮುಟ್ಟಿ ಕಾಯುತ್ತಾ ನಿಂತದ್ದೂ ಉಂಟು. ಶಹಾಪುರದ ಹತ್ತಿರ ಮಲಗಿದ ಬುದ್ಧನ ಗುಡ್ಡ ಕಂಡಲ್ಲಿ ಗಾಡಿ ನಿಲ್ಲಿಸಿ ರೊಟ್ಟಿ ತಿನ್ನುತ್ತಿದ್ದೆವು. ಅಷ್ಟು ಸುಖವಾಗಿ ನಾನು ಯಾವ ಕಾರಿನಲ್ಲೂ ಹೋಗಿಲ್ಲ, ಮಗನೆ.

ಆಮೇಲೆ ಬಂದ ಚೇತಕ್ ಸ್ಕೂಟರು ನಿನಗೆ ನೆನಪಿರಬೇಕು. ಚಳಿಗಾಲದ ಬೆಳಿಗ್ಗೆ ಅದನ್ನು ಒಂದು ಮಗ್ಗುಲಿಗೆ ವಾಲಿಸಿ, ಹತ್ತು ಸಲ ಕಿಕ್ ಹೊಡೆದು, ಕೈಮುಗಿದರೆ ಶುರುವಾಗುತ್ತಿತ್ತು. ನೀನು ಮುಂದೆ ನಿಂತು ಹಾರ್ನ್ ಒತ್ತುವವನು. ಇಷ್ಟು ವರ್ಷಗಳಲ್ಲಿ ನಿಮ್ಮಪ್ಪ ಒಂದು ಕೋಳಿಯನ್ನೂ ತುಳಿದವರಲ್ಲ. ಇಂಡಿಕೇಟರ್ ಇದ್ದರೂ ಕೈ ಚಾಚುವವರು, ಕೈ ಚಾಚಿಯೂ ಹಿಂದೆ ಹೊರಳಿ ನೋಡುವವರು. ಇಷ್ಟು ಮೆಲ್ಲಗೆ ಹೋದರೆ ಸೈಕಲ್ಲಿನವರು ನಗುತ್ತಾರೆ ಎಂದು ನಾನೇ ಎಷ್ಟೋ ಸಲ ಕಾಡಿದ್ದೇನೆ.

ಅಂಥವರು ಏಪ್ರಿಲಿನ ಆ ಸಂಜೆ ದೇವಾಪುರದ ಹೊಲದಿಂದ ಬರುವಾಗ, ಕೈ ತೋರಿಸದೆ, ಹಿಂದೆ ನೋಡದೆ, ನಡುರಸ್ತೆಯಲ್ಲಿ ಬಲಕ್ಕೆ ತಿರುಗಿಸಿದರು ಎಂದು ಎಲ್ಲರೂ ಹೇಳಿದರು. ಹಿಂದಿನಿಂದ ಜೋರಾಗಿ ಬರುತ್ತಿದ್ದ ಬೈಕು ಬಡಿಯಿತು. ಬೈಕಿನ ಹುಡುಗನ ಮೊಣಕೈ ತರಚಿತು, ನಮ್ಮ ಕೂಸಿನ ತೊಡೆಯ ಎಲುಬು ಮುರಿಯಿತು. ಪೊಲೀಸರ ಮುಂದೆಯೂ ನಿಮ್ಮಪ್ಪ ತಪ್ಪು ತಮ್ಮದೇ ಎಂದು ಬರೆದುಕೊಟ್ಟರು. ಕಣ್ಣು ಮಂಜಾದವರು ಗಾಡಿ ಯಾಕೆ ಮುಟ್ಟಬೇಕು ಎಂದು ನೀನು ಕೇಳಿದೆ. ಮಗಳು ಒಳಗೆ ನರಳುತ್ತಿದ್ದಳು, ನಿನ್ನ ಸಿಟ್ಟು ಸುಳ್ಳೆಂದು ನಾನು ಅನ್ನುವುದಿಲ್ಲ. ಆದರೆ ನೀನು ಹೋದ ಮೇಲೆ ಅವರು ಯಾದಗಿರಿಗೆ ಹೋಗಿ ಕಣ್ಣು ತೋರಿಸಿಕೊಂಡು ಬಂದರು. ಕಣ್ಣು ಚೊಕ್ಕ ಇವೆಯಂತೆ. ಆ ಚೀಟಿಯನ್ನು ನಿನಗೆ ಕಳಿಸೋಣ ಎಂದೆ. ಬೇಡ ಅಂದರು.

ನಿನಗೆ ಗೊತ್ತಿಲ್ಲದ್ದೊಂದು ಹೇಳುತ್ತೇನೆ, ನಾಗಲಕ್ಷ್ಮಿಗೂ ಓದಿ ಹೇಳು, ನಗಲಿ. ಮೂರು ವರ್ಷದ ಹಿಂದೆ ನಾನು ರಿಟೈರ್ ಆದಾಗ ನಿಮ್ಮಪ್ಪ ನನಗೆ ಸ್ಕೂಟಿ ಕಲಿಸಿದರು. ದೇವಾಪುರದ ಕಡೆ ಕಾಲುವೆಯ ದಂಡೆಯ ಮೇಲೆ, ಬೆಳಿಗ್ಗೆ ಬೆಳಿಗ್ಗೆ. ಅರವತ್ತು ವರ್ಷದ ಟೀಚರಮ್ಮ ಎರಡು ಸಲ ಜಾಲಿ ಕಂಟಿಗೆ ನುಗ್ಗಿದಳು. ಹದಿನೈದು ದಿನಕ್ಕೆ ಬಂತು. ಗಾಳಿ ಮುಖಕ್ಕೆ ಹೊಡೆಯುವಾಗ ಆಗುವ ಸಂತೋಷ ಗಂಡಸರು ಇಷ್ಟು ವರ್ಷ ತಾವಷ್ಟೇ ಇಟ್ಟುಕೊಂಡಿದ್ದರಲ್ಲ ಎಂದು ಹೊಟ್ಟೆ ಉರಿಯಿತು. ಹೊಲಕ್ಕೆ ಹೋಗಿಬರುವ ದಾರಿಯಲ್ಲಿ ನಾನೇ ಹೊಡೆಯುವವಳು, ಅವರು ಹಿಂದೆ. ಆದರೆ ಮುದುಕಿ ಮುಂದೆ, ಮುದುಕ ಹಿಂದೆ ಕೂತದ್ದನ್ನು ಊರು ನೋಡಿದರೆ ಬಿಡುತ್ತದೆಯೆ? "ಅಂಬ್ರಪ್ಪನ್ನ ಹೆಂತಿ ಹೊತ್ಕೊಂಡು ಹೊಂಟಾಳ" ಎಂದು ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಅದಕ್ಕೆ ಊರ ಹೊರಗಿನ ಮೋರಿ ಬಂದರೆ ಸೀಟು ಬದಲು. ನಾನು ಇಳಿದು ಸೆರಗು ಸರಿಮಾಡಿಕೊಂಡು ಹಿಂದೆ, ಅವರು ಮುಂದೆ. ಅವರಿಗೆ ಇದು ಬೇಕಿರಲಿಲ್ಲ. "ನೋಡಿದ್ರ ನೋಡ್ಲಿ ಬಿಡು" ಅನ್ನುತ್ತಿದ್ದರು. ನಾಚಿಕೆ ನನ್ನದು. ಲೈಸನ್ಸ್ ಮಾಡಿಸೋಣ ಎಂದು ನಾಲ್ಕು ಸಲ ಹೇಳಿದರು. ಹುಡುಗರ ಸಾಲಿನಲ್ಲಿ ಹೋಗಿ ನಿಲ್ಲಲು ನನಗೆ ಮನಸ್ಸಾಗಲಿಲ್ಲ.

ಹೊತ್ತಾಯಿತು. ಅಂಚೆ ಪೆಟ್ಟಿಗೆಯ ತನಕ ನಾನೇ ನಡೆದು ಹೋಗಬೇಕು, ಪತ್ರ ಅವರ ಕೈಗೆ ಕೊಡುವುದಿಲ್ಲ. ಎರಡು ವಾರದ ನಂತರದ ರವಿವಾರ ನಿನಗೆ ರಜೆ ಇದೆ ಎಂದು ನಾಗಲಕ್ಷ್ಮಿ ಹೇಳಿದಳು. ಮೂವರೂ ಬರ್ರಿ. ಯಶೂ ಕುಂಟದೆ ನಡೆಯುತ್ತಾಳಂತೆ, ಶಾಲೆಯ ಓಟಕ್ಕೆ ಮಾತ್ರ ಹೆಸರು ಕೊಟ್ಟಿಲ್ಲವಂತೆ. ಕೊಡಲಿ. ಫ್ಯಾಕ್ಟರಿಯ ಪಾಳಿ ಮುಗಿಸಿ ಬೈಕಿನಲ್ಲಿ ಬರುವಾಗ ನಿಧಾನ ಬಾ, ಹೆಲ್ಮೆಟ್ಟಿನ ಪಟ್ಟಿ ಹಾಕಿಕೋ. ನಿಮ್ಮ ಮೂವರಿಗೂ ನೂರು ವರ್ಷ ಆಯುಷ್ಯವಾಗಲಿ, ನನ್ನದರಲ್ಲಿ ಉಳಿದದ್ದೂ ನಿಮಗೇ ಸೇರಲಿ.

ನಿನ್ನ ಅವ್ವ,
ಸಾವಿತ್ರಿಬಾಯಿ

ತಾ.ಕ.: ಲಕೋಟೆ ಅಂಟಿಸಿದ್ದೆ. ಮತ್ತೆ ಬಿಚ್ಚಿದ್ದೇನೆ. ಇದನ್ನು ಬರೆಯದೆ ಕಳಿಸಿದರೆ ನಾಲ್ಕನೆಯ ಸಲ ಹರಿದಂತೆಯೇ.

ಆ ದಿನ ಗಾಡಿ ಹೊಡೆಯುತ್ತಿದ್ದವಳು ನಾನು.

ಯಶೂ ನನ್ನ ಮುಂದೆ ನಿಂತಿದ್ದಳು, ನಿಮ್ಮಪ್ಪ ಹಿಂದಿದ್ದರು. ಮೋರಿ ಇನ್ನೂ ದೂರವಿತ್ತು. ಎದುರಿಗೆ ದೂರದಲ್ಲಿ ಒಂದು ಟಂಟಂ ಕಾಣಿಸಿತು, ಅದರ ತುಂಬ ನಮ್ಮ ಓಣಿಯ ಹೆಂಗಸರು. ಅವರು ನೋಡುವುದರೊಳಗೆ ಇಳಿದುಬಿಡಬೇಕೆಂದು ಬಲಗಡೆಯ ಹೊಲದ ದಾರಿಗೆ ಹೊರಳಿಸಿದೆ. ಹಿಂದೆ ನೋಡಲಿಲ್ಲ. ಮೂವತ್ತಾರು ವರ್ಷ ಮಕ್ಕಳಿಗೆ ರಸ್ತೆ ದಾಟುವುದನ್ನು ಕಲಿಸಿದವಳು ನಾನು. "ನಿಂದ್ರು, ನಿಂದ್ರು" ಎಂದು ನಿಮ್ಮಪ್ಪ ಹಿಂದಿನಿಂದ ಅಂದದ್ದು ಕೇಳಿಸಿತು, ಅಷ್ಟರಲ್ಲಿ ಆಗಿಹೋಗಿತ್ತು. ನಾನು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತೆ. ಟಂಟಂ ಹತ್ತಿರ ಬರುವ ಮೊದಲೇ ಅವರು ಬಿದ್ದ ಸ್ಕೂಟಿಯ ಕೀಲಿ ತೆಗೆದು ತಮ್ಮ ಕಿಸೆಗೆ ಹಾಕಿಕೊಂಡರು. "ಯಾರು ಕೇಳಿದ್ರೂ ನಾ ಹೊಡ್ಯಾಕತ್ತಿದ್ದೆ. ನಿನಗ ಲೈಸನ್ಸ್ ಇಲ್ಲ" ಅಂದರು. ಬೈಕಿನ ಹುಡುಗ ಹಿಂದಿನಿಂದ ನಿಮ್ಮಪ್ಪನ ಬೆನ್ನನ್ನಷ್ಟೇ ಕಂಡಿದ್ದ. ಆಸ್ಪತ್ರೆಯಲ್ಲಿ ನೀನು ಅವರನ್ನು ಬೈಯುವಾಗ ನಾನು ಬಾಯಿ ತೆರೆದೆ. ಬೇಡ ಎಂದು ಅವರು ತಲೆ ಅಲ್ಲಾಡಿಸಿದರು. ಆ ಹೊತ್ತು ನಾನು ಸುಮ್ಮನಾದದ್ದು ಅವರಿಂದ. ಆಮೇಲಿನ ಎಂಟು ತಿಂಗಳು ಸುಮ್ಮನಿದ್ದದ್ದು ನಾನೇ. ನೀನು ನನ್ನ ಜೊತೆಗೂ ಮಾತು ಬಿಟ್ಟರೆ ಎಂದು ಹೆದರಿದೆ.

ಇದು ಯಶೂಗೆ ಗೊತ್ತು. ರಸ್ತೆಯ ಮೇಲೆ ಅಳುತ್ತಿದ್ದ ಕೂಸಿಗೆ ನಾವು ಕಲಿಸಿದೆವು, ಮುತ್ಯಾ ಹೊಡೆಯುತ್ತಿದ್ದ ಅನ್ನು ಎಂದು. ಪೊಲೀಸರು ಕೇಳಿದಾಗ ಅಂದಳು, ನೀನು ಕೇಳಿದಾಗಲೂ ಅಂದಳು. ಏಳು ವರ್ಷದ ಕೂಸು, ನೀನು ಮುತ್ಯಾನನ್ನು ಬೈದಾಗಲೆಲ್ಲ ನಿನ್ನ ಮುಂದೆಯೇ ಕೂತು ಬಾಯಿ ಕಟ್ಟಿಕೊಂಡಿದ್ದಾಳೆ. ಹೋದ ವಾರ ನಾಗಲಕ್ಷ್ಮಿ ಫೋನನ್ನು ಅವಳ ಕೈಗೆ ಕೊಟ್ಟು ನೀರು ತರಲು ಹೋದಾಗ, ಮೆಲ್ಲಗೆ ಕೇಳಿದಳು: "ಆಯಿ, ಪಪ್ಪಗ ನಾ ಇನ್ನಾ ಎಷ್ಟು ದಿನ ಹೇಳಬಾರದು?"

ಅರುಣ, ಈ ಪತ್ರ ಮುಟ್ಟಿದ ದಿನವೇ ಅವಳನ್ನು ಹತ್ತಿರ ಕೂರಿಸಿಕೊಂಡು, ಆಯಿ ತಾನೇ ಹೇಳಿದ್ದಾಳೆ, ನೀನು ಇನ್ನು ಸುಳ್ಳು ಹೇಳಬೇಕಿಲ್ಲ ಅನ್ನು. ಆಮೇಲೆ ನಿಮ್ಮಪ್ಪನಿಗೆ ಫೋನ್ ಮಾಡು. ನಾನು ಎತ್ತುವುದಿಲ್ಲ, ಅವರೇ ಎತ್ತುತ್ತಾರೆ.