ನಿಮ್ಮ ಮುಖವಾಡ ಹಾಕಿಕೊಂಡವನು

ಪೈಲ್ವಾನರೇ,

ನೀವು ಮನೆಗೆ ಬಂದಂತೆ, ಮಗಳು ಬಾಗಿಲಲ್ಲೇ ನಿಮ್ಮ ಹತ್ತಿರ ಟಿಕೆಟ್ ಕೇಳಿದಂತೆ ಕೆಟ್ಟ ಕನಸು ಬಿತ್ತು. ವಿಳಾಸವಿಲ್ಲದವರಿಗೆ ಕಾಗದ ಹೋಗುವುದಿಲ್ಲ, ಆದರೂ ಬರೆಯುತ್ತೇನೆ.

ಸಾಲವನ್ನು ನನ್ನ ತಲೆಗೆ ಕಟ್ಟಿ, ದೊಡ್ಡ ಕುಸ್ತಿ ಆಡುತ್ತೇನೆಂದು ಓಡಿದಿರಲ್ಲ, ಆ ಸಾಲ ಕೊಟ್ಟ ಪಂದ್ಯದ ಯಜಮಾನ ಇವತ್ತು ಬಂದಿದ್ದ. ನೀವು ಕುಸ್ತಿಗೆ ಹಾಕಿಕೊಳ್ಳುತ್ತಿದ್ದ, ಈಗ ಬಿಟ್ಟುಹೋದ, ನಾನೇ ಹೊಲಿದ ಮುಖವಾಡವನ್ನು ಅವನ ಹೊಸ ಆಳಿಗೆ ಬಿಗಿ ಮಾಡಿಕೊಡಬೇಕಂತೆ.

"ಜನ ಬರೋದು ಮುಖವಾಡ ನೋಡೋಕಮ್ಮ. ಒಳಗೆ ಕುಂಬಳಕಾಯಿ ಇಟ್ರೂ ನಡೆಯುತ್ತೆ."

"ಇಷ್ಟು ದಿನ ಅದೇ ಇತ್ತಲ್ಲ," ಎಂದೆ.

ಹೊಸಬ ಅಳತೆಗೆಂದು ಅದನ್ನು ಹಾಕಿಕೊಂಡಿದ್ದಾಗ ಮಗಳು ಓಡಿಬಂದು, "ಅಪ್ಪ, ಯಾವಾಗ ಬಂದೆ?" ಎಂದು ಅವನ ಕಾಲು ತಬ್ಬಿಕೊಂಡಳು. ಗುಟ್ಟು ಒಡೆದರೆ ಬೆಲೆ ಹೋಗುತ್ತದೆಂದು ಮಗಳೆದುರೂ ಮುಖ ತೋರಿಸದ ಶೂರರು ನೀವು, ಅವಳದೇನು ತಪ್ಪು? ಅವಳು ಆಟಕ್ಕೆ ಹೋಗುವವರೆಗೂ ಆ ಬಡಪಾಯಿ ಮುಖವಾಡ ತೆಗೆಯಲಿಲ್ಲ. ಹೊರಗಿನವನಿಗಿದ್ದ ಕರುಳು ನಿಮಗಿರಲಿಲ್ಲ.

ಬಿಗಿ ಮಾಡಿದ್ದೇನೆ. ಹೆಚ್ಚಿನ ಬಟ್ಟೆ ಕತ್ತರಿಸಿಲ್ಲ, ಬಿಚ್ಚಿದರೆ ಮತ್ತೆ ಸಡಿಲವಾಗುವ ಹಾಗೆ ಒಳಗೇ ಮಡಿಚಿ ಹೊಲಿದಿದ್ದೇನೆ. ನಿಮ್ಮ ಕುತ್ತಿಗೆ ಹದಿನೇಳೂವರೆ ಇಂಚು ಎಂದು ನೆನಪು, ಹದಿನೆಂಟೇನೋ ಎಂಬ ಅನುಮಾನ. ಇನ್ನೊಂದು ಸಲ ಟೇಪು ಹಿಡಿದು ನೋಡಿಕೊಳ್ಳಿ.